ಮಾನಿಟರ್‌ನಲ್ಲಿ 98, ಮಿದುಳಿಗೆ ಎಷ್ಟು?

ಸಿರುಗುಪ್ಪ, ಕುರುಗೋಡು ಕಡೆಯಿಂದ ಆಪರೇಷನ್ನಿಗೆಂದು ಬಳ್ಳಾರಿಗೆ ಬರುವ ಕೆಲವು ಕೂಸುಗಳಿಗೆ ಹುಟ್ಟಿ ಒಂದು ದಿನವೂ ತುಂಬಿರುವುದಿಲ್ಲ. ಒಂದಕ್ಕೆ ಅನ್ನನಾಳ ಕೂಡಿರುವುದಿಲ್ಲ, ಇನ್ನೊಂದಕ್ಕೆ ಗುದದ್ವಾರವೇ ಇರುವುದಿಲ್ಲ. ಇಂಥ ಕೂಸುಗಳಿಗೆ ಅರಿವಳಿಕೆ ಕೊಡುತ್ತಾ ಕಲಿತದ್ದು ಇದು.

1. ಪಲ್ಸ್ ಆಕ್ಸಿಮೀಟರ್ ಹೇಳುವುದು ಅರ್ಧ ಮಾತ್ರ. ಅಪಧಮನಿಯ ರಕ್ತ ಎಷ್ಟು ಆಮ್ಲಜನಕ ಹೊತ್ತಿದೆ ಎಂಬುದನ್ನು ಅದು ತಿಳಿಸುತ್ತದೆ. ಆ ರಕ್ತ ಮಿದುಳಿಗೆ ಸಾಕಷ್ಟು ತಲುಪಿತೇ ಎಂಬುದನ್ನಲ್ಲ. ರಕ್ತದೊತ್ತಡ ಕುಸಿಯುತ್ತಿರುವಾಗಲೂ ಅದು 98 ತೋರಿಸಬಲ್ಲದು.

2. ಮಿದುಳಿನ ಆಮ್ಲಜನಕ ಅಳೆಯುವ ಹಣೆಯ ಪಟ್ಟಿಯನ್ನು ಅರಿವಳಿಕೆಗೆ ಮೊದಲೇ ಅಂಟಿಸಿ. ಅವಕೆಂಪಿಗೆ ಹತ್ತಿರದ ಬೆಳಕು ತಲೆಬುರುಡೆ ದಾಟಿ ಮಿದುಳಿನ ಆಮ್ಲಜನಕವನ್ನು ಅಳೆಯಬಲ್ಲದೆಂದು ಫ್ರಾನ್ಸ್ ಯೋಬ್ಸಿಸ್ ತೋರಿಸಿದ್ದು 1977ರಲ್ಲಿ. ನವಜಾತ ಶಿಶುವಿನ ಬುರುಡೆ ತೆಳು, ಬೆಳಕಿಗೆ ದಾರಿ ಸುಲಭ. ಪಟ್ಟಿಯ ಅಂಕಿ ಸಾಮಾನ್ಯವಾಗಿ 55ರಿಂದ 85ರೊಳಗೆ ಇರುತ್ತದೆ. ಆದರೆ ಆ ಕೂಸಿನ ಮೊದಲ ಅಂಕಿಯೇ ಅದಕ್ಕೆ ಅಳತೆಗೋಲು. ಅದರಿಂದ ಐದನೇ ಒಂದು ಭಾಗ ಇಳಿದರೆ ಕಾರಣ ಹುಡುಕಿ.

3. ಆಮ್ಲಜನಕ ಏರಿಸಿ ಸುಮ್ಮನಾಗಬೇಡಿ. ಕುತ್ತಿಗೆ ಒಂದು ಕಡೆ ಹೊರಳಿದೆಯೇ, ಉಸಿರಿನ ಕೊಳವೆ ಜರುಗಿದೆಯೇ, ರಕ್ತದೊತ್ತಡ ಎಷ್ಟಿದೆ ಎಂದು ಒಂದೊಂದಾಗಿ ನೋಡಿ. ಬಹಳ ಜನ ಮರೆಯುವುದು ಇಂಗಾಲದ ಡೈಆಕ್ಸೈಡನ್ನು. ಉಸಿರು ಕೊಡುವ ಬ್ಯಾಗನ್ನು ಜೋರಾಗಿ ಒತ್ತಿದರೆ ಅದು ರಕ್ತದಲ್ಲಿ ತೀರಾ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ. ಆಗ ಬೆರಳಿನ ಅಂಕಿ ಚೆನ್ನಾಗಿಯೇ ಇರುತ್ತದೆ, ಹಣೆಯ ಅಂಕಿ ಇಳಿಯುತ್ತದೆ. ಉಸಿರಿನ ವೇಗ ತಗ್ಗಿಸುವುದೇ ಅಲ್ಲಿ ಮದ್ದು.

4. ಗಾಜ್ ತೂಗಿ. ಎರಡೂವರೆ ಕೆ.ಜಿ. ಕೂಸಿನ ಮೈಯಲ್ಲಿರುವ ರಕ್ತ ಸುಮಾರು 200 ಮಿ.ಲೀ. ಗಾಜ್‌ಗಳು ಹೀರಿಕೊಂಡ 20 ಮಿ.ಲೀ. ಎಂದರೆ ಅದರ ಹತ್ತನೇ ಒಂದು ಪಾಲು.

5. ಹೆಚ್ಚಾದ ಆಮ್ಲಜನಕವೂ ಕೇಡು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ರೆಟಿನಾ ಅದರಿಂದ ಹಾಳಾಗಬಹುದು. ಹಳ್ಳಿಗಾಡಿನಲ್ಲೇ ಇಂಥ ಕಣ್ಣುಗಳನ್ನು ತಪಾಸಣೆ ಮಾಡುವ ಕಿಡ್‌ರಾಪ್ ಕಾರ್ಯಕ್ರಮ ಕರ್ನಾಟಕದಲ್ಲಿ 2008ರಲ್ಲಿ ಶುರುವಾಯಿತು. ಆಪರೇಷನ್ ಆದ ಅವಧಿಪೂರ್ವ ಶಿಶುವಿನ ಚೀಟಿಯಲ್ಲಿ ಕಣ್ಣಿನ ತಪಾಸಣೆಯನ್ನು ಬರೆಯಲೇಬೇಕು.

6. ಹಣೆಯ ಪಟ್ಟಿಯ ಯಂತ್ರ ಇಲ್ಲದಿದ್ದರೂ ಕಾಯಬಹುದು. ಬಲಗೈಗೊಂದು, ಕಾಲಿಗೊಂದು ಪಲ್ಸ್ ಪ್ರೋಬ್ ಹಾಕಿ. ಒತ್ತಿಬಿಟ್ಟ ಚರ್ಮ 3 ಸೆಕೆಂಡಿನೊಳಗೆ ಕೆಂಪಾಗುತ್ತದೆಯೇ, ಮೂತ್ರ ಬರುತ್ತಿದೆಯೇ ನೋಡಿ. 1,601 ಅವಧಿಪೂರ್ವ ಶಿಶುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಸೇಫ್‌ಬೂಸ್ಕ್-3 ಅಧ್ಯಯನದಲ್ಲಿ, ಹುಟ್ಟಿದ ಮೊದಲ ಮೂರು ದಿನ ಮಿದುಳಿನ ಅಂಕಿ ನೋಡಿ ಚಿಕಿತ್ಸೆ ಕೊಟ್ಟರೂ ಸಾವು, ತೀವ್ರ ಮಿದುಳು ಹಾನಿ ಕಡಿಮೆಯಾಗಲಿಲ್ಲ. ಅವು ಆಪರೇಷನ್ನಿನ ಕೂಸುಗಳೆಂದು ಆಯ್ದವಲ್ಲ, ನಿಜ. ಆದರೂ ಪಾಠ ಒಂದೇ: ಯಂತ್ರ ಎಚ್ಚರಿಸುತ್ತದೆ, ಉಳಿಸಬೇಕಾದವರು ನಾವು.

7. ಕೆಲಸ ಊರಿನಲ್ಲೇ ಶುರುವಾಗಲಿ. ಬಳ್ಳಾರಿ ಬಿಸಿಲಲ್ಲಿ ಕೂಸು ತಣ್ಣಗಾಗುತ್ತದೆಯೇ ಎಂದು ಕೇಳುತ್ತಾರೆ. ಒದ್ದೆ ಬಟ್ಟೆಯಲ್ಲಿ, ಥಿಯೇಟರಿನ ಎ.ಸಿ.ಯಲ್ಲಿ ಖಂಡಿತ ಆಗುತ್ತದೆ, ತಣ್ಣಗಾದ ಮೈಗೆ ಹೆಚ್ಚು ಆಮ್ಲಜನಕ ಬೇಕು. ಸಿರುಗುಪ್ಪದಿಂದ 50 ಕಿ.ಮೀ. ಮೀರಿದ ದಾರಿ; ಟೋಪಿ ಹಾಕಿ, ಒಣಬಟ್ಟೆ ಸುತ್ತಿ 108ಕ್ಕೆ ಹತ್ತಿಸಿ. ಬಾಯಲ್ಲಿ ನೊರೆ ನಿಲ್ಲದೆ ಬರುತ್ತಿದ್ದರೆ ಅನ್ನನಾಳ ಕೂಡಿರಲಿಕ್ಕಿಲ್ಲ; ಅಜ್ಜಿಗೆ ಹೇಳಿ: "ಅಮ್ಮಾ, ಜೇನು, ಹಾಲು ಏನೂ ಹಾಕಬೇಡಿ." ತಲೆ ಎತ್ತರಿಸಿ, ನೊರೆ ಹೀರಿ ತೆಗೆಯುತ್ತಾ ಕರೆತನ್ನಿ. ಶ್ವಾಸಕೋಶ ಕೆಡದೆ ಬಂದ ಕೂಸಿನ ಮಿದುಳನ್ನು ಟೇಬಲ್ ಮೇಲೆ ಕಾಯುವುದು ನಮಗೆ ಎಷ್ಟೋ ಸುಲಭ.