ಒಂದೆಲಗ: ಬೆಳೆಸುವುದು ಮತ್ತು ಬಳಸುವುದು



‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲ ಓದಿದ್ದೇವೆ. ಸುಲಭವಾಗಿ ಸಿಗುವುದಕ್ಕೆ ಜನ ಬೆಲೆ ಕೊಡುವುದಿಲ್ಲ ಎಂದು ಅದರ ಅರ್ಥ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಹಿತ್ತಲಿನ ಒಂದೆಲಗಕ್ಕೆ ನನ್ನ ಅಜ್ಜಿ ತುಂಬಾ ಬೆಲೆ ಕೊಡುತ್ತಿದ್ದರು. ಆದರೂ ಹೋದ ಮಳೆಗಾಲದಲ್ಲಿ ಒಂದು ತಪ್ಪಾಯಿತು. ಅದರಿಂದ ಕಲಿತದ್ದನ್ನು ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ.

೧. ಗುರುತಿಸುವುದು ಹೇಗೆ?

ಒಂದೆಲಗ ನೆಲದ ಮೇಲೆ ಹರಡುವ ಬಳ್ಳಿ. ಬಳ್ಳಿಯ ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ. ಒಂದು ಉದ್ದನೆಯ ತೊಟ್ಟಿಗೆ ಒಂದೇ ಎಲೆ ಇರುತ್ತದೆ. ಎಲೆ ದುಂಡಗೆ, ಅಂಚು ಗರಗಸದ ಮೊಂಡು ಹಲ್ಲಿನಂತೆ. ತೊಟ್ಟು ಸೇರುವ ಕಡೆ ಎಲೆ ಸೀಳಿದಂತೆ ಒಳಕ್ಕೆ ಹೋಗಿರುತ್ತದೆ. ಹೂವು ಬಹಳ ಸಣ್ಣದು. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ಕೊತ್ತಂಬರಿ, ಜೀರಿಗೆ, ಕ್ಯಾರೆಟ್ ಇವೆಲ್ಲ ಇದರ ಕುಟುಂಬದವೇ. ಸಂಸ್ಕೃತದಲ್ಲಿ ಮಂಡೂಕಪರ್ಣಿ, ಅಂದರೆ ಕಪ್ಪೆ ಎಲೆ. ತುಳುವಿನಲ್ಲಿ ತಿಮರೆ. ನಮ್ಮಲ್ಲಿ ಕೆಲವರು ಬ್ರಾಹ್ಮಿ ಎಂದೂ ಕರೆಯುತ್ತಾರೆ. ಆದರೆ ನೀರು ಬ್ರಾಹ್ಮಿ ಎಂಬ ಬೇರೆಯೇ ಗಿಡವಿದೆ. ಅದರ ಎಲೆ ಚಿಕ್ಕದು, ದಪ್ಪ, ಜೋಡಿ ಜೋಡಿಯಾಗಿ ಇರುತ್ತದೆ. ಅಂದಕ್ಕೆಂದು ಕುಂಡದಲ್ಲಿ ಬೆಳೆಸುವ ಇನ್ನೊಂದು ಬಳ್ಳಿಯೂ ಉಂಟು. ಅದರ ತೊಟ್ಟು ಎಲೆಯ ನಟ್ಟನಡುವೆ, ಕೊಡೆಯ ಹಿಡಿಯಂತೆ ಸೇರಿರುತ್ತದೆ. ಅದು ಒಂದೆಲಗ ಅಲ್ಲ.

೨. ನಮ್ಮ ಮನೆಯಲ್ಲಿ ಆದದ್ದು

ನಮ್ಮ ಒಂದೆಲಗ ಇದ್ದದ್ದು ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕ. “ನೋಡು ಕೂಸೇ, ಎಷ್ಟು ಸೊಂಪಾಗಿ ಬಂದಿದೆ” ಎಂದು ಅಜ್ಜಿ ಹೇಳುತ್ತಿದ್ದರು. ಮಳೆಗಾಲದಲ್ಲಿ ಕೊಟ್ಟಿಗೆಯ ನೀರೂ ಅದೇ ಕಾಲುವೆಗೆ ಬರುತ್ತಿತ್ತು. ನಾವು ಯಾರೂ ಅದನ್ನು ಗಮನಿಸಲಿಲ್ಲ.

ಒಂದು ದಿನ ಅಜ್ಜಿ ಹಸಿ ಸೊಪ್ಪು ಅರೆದು ತಂಬುಳಿ ಮಾಡಿದರು. ತಮ್ಮ ಎರಡು ಸಲ ಹಾಕಿಸಿಕೊಂಡು ಉಂಡ. ಮಾರನೇ ದಿನ ಅವನಿಗೆ ವಾಂತಿ, ಭೇದಿ ಶುರುವಾಯಿತು. ಸಂಜೆಯ ಹೊತ್ತಿಗೆ ಕಣ್ಣು ಗುಳಿ ಬಿದ್ದವು. ಅಪ್ಪ ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ಓಆರ್‌ಎಸ್ ನೀರು ಕುಡಿಸಿ, ಗ್ಲೂಕೋಸ್ ಹಾಕಿದರು. ಎರಡು ದಿನಕ್ಕೆ ಹುಷಾರಾದ.

ಡಾಕ್ಟರು ಅಜ್ಜಿಯನ್ನು ಕೇಳಿದರು: “ಅಜ್ಜೀ, ಸೊಪ್ಪು ಎಲ್ಲಿಂದ ಕಿತ್ತದ್ದು?” ಅಜ್ಜಿ ಹೇಳಿದರು. “ಇದರಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲ. ಆದ್ರೆ ಕೊಳಚೆ ನೀರಲ್ಲಿ ಬೆಳೆದ ಸೊಪ್ಪನ್ನ ಹಸಿಯಾಗಿ ತಿಂದ್ರೆ ಹೀಗೂ ಆಗ್ತದೆ” ಅಂದರು.

ಅಜ್ಜಿ ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, “ನನ್ನ ಕೈಯಾರೆ ಅರೆದು ಕೊಟ್ಟೆನಲ್ಲಾ” ಎಂದು ಕಣ್ಣೀರು ಹಾಕಿದರು. ಆಮೇಲೆ ತಂಬುಳಿ ಮಾಡುವುದನ್ನೇ ಬಿಟ್ಟರು.

೩. ಕಾರಣವೇನು?

ಒಂದೆಲಗದ ಎಲೆ ನೆಲಕ್ಕೆ ತಾಗಿಕೊಂಡೇ ಇರುತ್ತದೆ. ಆದ್ದರಿಂದ ಸಗಣಿ, ಹೊಲಸು ನೀರಿನಲ್ಲಿರುವ ರೋಗಾಣು ಮತ್ತು ಜಂತುಹುಳದ ಮೊಟ್ಟೆ ಸುಲಭವಾಗಿ ಅಂಟಿಕೊಳ್ಳುತ್ತವೆ. ಇನ್ನೊಂದು ವಿಷಯವೂ ಇದೆ. ಮಣ್ಣಿನಲ್ಲಿ ಸೀಸದಂಥ ಲೋಹವಿದ್ದರೆ ಈ ಗಿಡ ಅದನ್ನು ಬೇರಿನಿಂದ ಹೀರಿಕೊಳ್ಳುತ್ತದೆ. ಅದು ಎಲೆಗೂ ಬರುತ್ತದೆ. ಹೀಗೆ ಒಳಗೆ ಸೇರಿದ್ದು ಎಷ್ಟು ತೊಳೆದರೂ ಹೋಗುವುದಿಲ್ಲ.

ನಮ್ಮ ಕಡೆ ಅಡಿಕೆ ತೋಟದಲ್ಲೂ ಒಂದೆಲಗ ಇರುತ್ತದೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆಂದು ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿ ಮೈಲುತುತ್ತ ಮತ್ತು ಸುಣ್ಣ ಇರುತ್ತದೆ. ಅದು ಕೆಳಗಿನ ಸೊಪ್ಪಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಬಚ್ಚಲ ಕಾಲುವೆ, ಕೊಟ್ಟಿಗೆಯ ಹಿಂಭಾಗ, ರಸ್ತೆ ಚರಂಡಿ, ಔಷಧಿ ಹೊಡೆದ ತೋಟ, ಈ ನಾಲ್ಕು ಕಡೆಯ ಸೊಪ್ಪು ಬೇಡ.

೪. ಬೆಳೆಸುವ ಕ್ರಮ

ವಿಜ್ಞಾನದ ಮೇಷ್ಟ್ರ ಹತ್ತಿರ ಕೇಳಿಕೊಂಡು ಶ್ರಾವಣದಲ್ಲಿ ನಾನು ಹೊಸ ಪಾತಿ ಮಾಡಿದೆ. ಅಜ್ಜಿ ಜಗಲಿಯಲ್ಲಿ ಕೂತು ಸುಮ್ಮನೆ ನೋಡುತ್ತಿದ್ದರು. ಆಮೇಲೆ ತಾವೇ ಕತ್ತಿ ತೆಗೆದುಕೊಂಡು ಬಂದರು.

(ಅ) ಜಾಗ: ಅರ್ಧ ನೆರಳು ಇರಬೇಕು, ಮಣ್ಣು ಸದಾ ತೇವ ಇರಬೇಕು. ನಾವು ಬಾವಿಕಟ್ಟೆಯ ಬದಿಯನ್ನು ಆರಿಸಿದೆವು. ಕೊಡ ತುಂಬುವಾಗ ಚೆಲ್ಲುವ ನೀರು ಅದಕ್ಕೆ ಸಾಕು. ಅಲ್ಲಿ ಬಟ್ಟೆ, ಪಾತ್ರೆ ತೊಳೆಯಬಾರದು.
(ಆ) ಮಣ್ಣು: ಒಂದು ಗೇಣು ಆಳ ಅಗೆದು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಬೇಕು. ಹಸಿ ಸಗಣಿ ಹಾಕಬಾರದು.
(ಇ) ನಾಟಿ: ಎರಡು ಮೂರು ಗಿಣ್ಣು ಮತ್ತು ಬೇರು ಇರುವ ಬಳ್ಳಿಯ ತುಂಡನ್ನು ಗೇಣಿಗೊಂದರಂತೆ ನೆಡಬೇಕು. ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ.
(ಈ) ಆರೈಕೆ: ಮಳೆ ನಿಂತ ಮೇಲೆ ದಿನಾ ನೀರು ಹಾಕಬೇಕು, ಕಳೆ ಕೀಳಬೇಕು. ಕೋಳಿ, ದನ ಬಾರದ ಹಾಗೆ ಬೇಲಿ ಕಟ್ಟಬೇಕು.
(ಉ) ಕೊಯ್ಲು: ಸುಮಾರು ಮೂರು ತಿಂಗಳಿಗೆ ಸೊಪ್ಪು ಕೊಯ್ಯಬಹುದು. ಬೇರು ಸಮೇತ ಕೀಳದೆ ತೊಟ್ಟಿನ ಹತ್ತಿರ ಚಿವುಟಿದರೆ ಮತ್ತೆ ಚಿಗುರುತ್ತದೆ.

ಹೊಸ ನಾಟಿಗೆ ಹಳೆ ಜಾಗದ ಬಳ್ಳಿ ತರಲಿಲ್ಲ. ಗದ್ದೆಯ ಮೇಲಿನ ಒರತೆಯ ಹತ್ತಿರದಿಂದ ತಂದೆವು.

೫. ಬಳಸುವ ಕ್ರಮ

ತಂಬುಳಿಗೆ ಒಂದು ಹಿಡಿ ಸೊಪ್ಪು ಸಾಕು. ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು. ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸನ್ನು ತುಪ್ಪದಲ್ಲಿ ಹುರಿದು, ಅದರಲ್ಲೇ ಸೊಪ್ಪನ್ನು ಚೆನ್ನಾಗಿ ಬಾಡಿಸಬೇಕು. ಕಾಯಿತುರಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಒಗ್ಗರಣೆ ಕೊಟ್ಟರೆ ಆಯಿತು. ಮಕ್ಕಳಿಗೆ ಹಸಿಯಾಗಿ ಅರೆಯುವುದಕ್ಕಿಂತ ಬಾಡಿಸಿ ಅರೆಯುವುದೇ ಒಳ್ಳೆಯದು.

೬. ಎಷ್ಟು ನಂಬಬೇಕು?

ಒಂದೆಲಗ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಹಿರಿಯರು ಹೇಳುತ್ತಾರೆ. ಇದರ ಬಗ್ಗೆ ಸಂಶೋಧನೆಗಳು ನಡೆದಿವೆ, ಆದರೆ ಖಚಿತವಾಗಿ ಸಾಬೀತಾಗಿಲ್ಲ. ತಂಬುಳಿ ಉಂಡರೂ ಮಗ್ಗಿಯನ್ನು ನಾವೇ ಬಾಯಿಪಾಠ ಮಾಡಬೇಕು! ಇದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶವನ್ನು ಗಾಯದ ಮುಲಾಮುಗಳಲ್ಲಿ ಬಳಸುತ್ತಾರೆ. ಹಾಗೆಂದು ಸೊಪ್ಪನ್ನು ಜಜ್ಜಿ ತೆರೆದ ಗಾಯಕ್ಕೆ ಹಚ್ಚಬೇಡಿ. ಮಣ್ಣು ಸೇರಿದರೆ ಧನುರ್ವಾಯು ಬರಬಹುದು.

ಊಟಕ್ಕೆ ಆಗಾಗ ತಂಬುಳಿ, ಚಟ್ನಿ ಸರಿ. ಮದ್ದೆಂದು ದಿನಗಟ್ಟಲೆ ರಸ, ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಲೇಬೇಕು. ಇದರ ಮಾತ್ರೆಯನ್ನು ವಾರಗಟ್ಟಲೆ ನುಂಗಿದ ಕೆಲವರಿಗೆ ಯಕೃತ್ತಿಗೆ ತೊಂದರೆಯಾದ ವರದಿ ೨೦೦೫ರಲ್ಲಿ ಬಂದಿತ್ತು. ಬಸುರಿಯರೂ ವೈದ್ಯರನ್ನು ಕೇಳಿಯೇ ಬಳಸಬೇಕು.

ದೀಪಾವಳಿ ಕಳೆದ ಮೇಲೆ ನಮ್ಮ ಪಾತಿಯ ಮೊದಲ ಸೊಪ್ಪು ಬಂತು. ಅಜ್ಜಿ ತಾವೇ ತೊಳೆದು, ಬಾಡಿಸಿ, ತಂಬುಳಿ ಮಾಡಿದರು. ಎಲ್ಲರಿಗಿಂತ ಮೊದಲು ತಾವು ಒಂದು ಲೋಟ ಕುಡಿದರು. ಒಂದು ದಿನ ಕಾದರು. ಮಾರನೇ ದಿನ ಮತ್ತೆ ಹೊಸದಾಗಿ ಮಾಡಿ, ತಮ್ಮನ ತಟ್ಟೆಗೆ ಒಂದೇ ಒಂದು ಸೌಟು ಬಡಿಸಿದರು. ಅವನು “ಇನ್ನೂ ಹಾಕು ಅಜ್ಜಿ” ಅಂದ.

ಬಳ್ಳಿ ಬೇಕಾದವರು ನನ್ನನ್ನು ಕೇಳಿ. ಶನಿವಾರ ತಂದು ಕೊಡುತ್ತೇನೆ.

ಉತ್ತರಿಸಿರಿ:
೧. ನಿಮ್ಮ ಮನೆಯ ಒಂದೆಲಗ ಯಾವ ನೀರಿನಲ್ಲಿ ಬೆಳೆಯುತ್ತಿದೆ? ನೋಡಿ ಬನ್ನಿ.
೨. ಒಂದೆಲಗಕ್ಕೂ ನೀರು ಬ್ರಾಹ್ಮಿಗೂ ಇರುವ ಎರಡು ವ್ಯತ್ಯಾಸ ತಿಳಿಸಿರಿ.
೩. ತೊಳೆದರೆ ಹೋಗುವುದು ಯಾವುದು, ಹೋಗದಿರುವುದು ಯಾವುದು?

– ಏಳನೇ ತರಗತಿಯ ವಿದ್ಯಾರ್ಥಿನಿ