ಹಿರಿಯರಿಗಾಗಿ ಮೆತ್ತನೆಯ ಜೋಳದ ರೊಟ್ಟಿ

ಉತ್ತರ ಕರ್ನಾಟಕದ ಮನೆಗಳಲ್ಲಿ ಊಟವೆಂದರೆ ರೊಟ್ಟಿ. ಬಾಲ್ಯದಿಂದ ಜೋಳದ ರೊಟ್ಟಿಯನ್ನೇ ಉಂಡು, ದುಡಿದು, ಬಾಳಿದ ಹಿರಿಯರು ಎಪ್ಪತ್ತು ದಾಟಿದ ಮೇಲೆ ಒಂದು ದಿನ ತಟ್ಟೆಯನ್ನು ಬದಿಗೆ ಸರಿಸಿ, “ಹಸಿವಿಲ್ಲವ್ವಾ, ಚಹಾ ಒಂದು ಕೊಡು ಸಾಕು” ಎನ್ನುತ್ತಾರೆ. ಮನೆಯವರು ಇದನ್ನು ವಯಸ್ಸಿಗೆ ಸಹಜವಾದ ಅರುಚಿ ಎಂದು ತಿಳಿಯುತ್ತಾರೆ. ಅನೇಕ ವೇಳೆ ಕಾರಣ ಬೇರೆಯೇ ಆಗಿರುತ್ತದೆ. ಹಲ್ಲುಗಳು ಉದುರಿವೆ, ಬಾಯಿಯ ಪಸೆ ಕಡಿಮೆಯಾಗಿದೆ, ತಟ್ಟೆಯಲ್ಲಿರುವ ರೊಟ್ಟಿ ಒರಟಾಗಿದೆ. ಅಗಿಯಲಾಗದೆಂದು ಹೇಳಲು ಸಂಕೋಚಪಟ್ಟು ಅವರು ಹಸಿವಿಲ್ಲವೆನ್ನುತ್ತಾರೆ.

ಈ ಸಂಕೋಚದ ಬೆಲೆ ಸಣ್ಣದಲ್ಲ. ಊಟ ತಪ್ಪಿದರೆ ತೂಕ ಇಳಿಯುತ್ತದೆ, ಸ್ನಾಯುಗಳು ಸೊರಗುತ್ತವೆ, ನಡೆಯುವಾಗ ಬೀಳುವ ಭಯ ಹೆಚ್ಚುತ್ತದೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಔಷಧ ಪಡೆದು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಮಂಪರು ಉಂಟಾಗಬಹುದು. ಆದುದರಿಂದ ರೊಟ್ಟಿಯ ಮೃದುತ್ವವು ಕೇವಲ ರುಚಿಯ ಮಾತಲ್ಲ. ಹಿರಿಯರು ಉಣ್ಣುವರೋ ಇಲ್ಲವೋ ಎಂಬ ಮಾತು.

ಜೋಳದ ಹಿಟ್ಟಿನ ಸ್ವಭಾವ

ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶವಿದೆ. ನೀರು ಬೆರೆಸಿ ನಾದಿದಾಗ ಅದು ಬಲೆಯಂತೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಆದ್ದರಿಂದ ತಣ್ಣೀರಿನಲ್ಲಿ ಕಲಸಿದರೂ ಚಪಾತಿ ಹರಿಯುವುದಿಲ್ಲ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅಲ್ಲಿ ಹಿಟ್ಟನ್ನು ಹಿಡಿದಿಡುವ ಕೆಲಸವನ್ನು ಪಿಷ್ಟವೇ ಮಾಡಬೇಕು. ಕುದಿಯುವ ನೀರು ಬಿದ್ದಾಗ ಪಿಷ್ಟದ ಕಣಗಳು ನೀರನ್ನು ಹೀರಿ, ಉಬ್ಬಿ, ಅಂಬಲಿಯಂತೆ ಜಿಗುಟಾಗುತ್ತವೆ. ಇದಕ್ಕೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಉಗುರುಬೆಚ್ಚಗಿನ ನೀರಿನಿಂದ ಅದು ಆಗದು. ನಮ್ಮ ಅಜ್ಜಿಯಂದಿರು ಹಿಟ್ಟಿಗೆ ಕುದಿಯುವ ಎಸರನ್ನೇ ಸುರಿಯುತ್ತಿದ್ದುದರ ಮರ್ಮವಿದು.

ರೊಟ್ಟಿ ಹರಿಯದಿರಲೆಂದು ಕೆಲವರು ಗೋಧಿಹಿಟ್ಟನ್ನೋ ಮೈದಾವನ್ನೋ ಬೆರೆಸುತ್ತಾರೆ. ಎಸರು ಸರಿಯಾಗಿದ್ದರೆ ಅದರ ಅಗತ್ಯವಿಲ್ಲ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರಿಗಂತೂ ಈ ಬೆರಕೆ ಹಾನಿಕರ. ಅಂಥವರ ಜೋಳವನ್ನು ಗೋಧಿ ಬೀಸುವ ಗಿರಣಿಯಲ್ಲಿಯೂ ಬೀಸಿಸಬಾರದು.

ಹಿಟ್ಟಿನ ಆಯ್ಕೆ

ಹಿಂಗಾರಿನ ಬಿಳಿಜೋಳ, ಅದರಲ್ಲಿಯೂ ಮಾಲದಂಡಿ ತಳಿಯ ಜೋಳ, ರೊಟ್ಟಿಗೆ ಹೆಸರುವಾಸಿ. ಮುಂಗಾರಿನ ಜೋಳವು ತೆನೆಯಲ್ಲಿರುವಾಗ ಮಳೆಗೆ ಸಿಕ್ಕರೆ ಕಾಳು ಬೂಷ್ಟು ಹಿಡಿದು ಕಪ್ಪಾಗುತ್ತದೆ, ಅಂಥದನ್ನು ಬಳಸಬಾರದು. ಜೋಳದ ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆಯಂಶವಿರುವುದರಿಂದ ಹಿಟ್ಟು ಬಹಳ ದಿನ ಉಳಿದರೆ ಕಹಿಯಾಗುತ್ತದೆ. ಹದಿನೈದು ದಿನಗಳಿಗೆ ಸಾಲುವಷ್ಟನ್ನೇ ನುಣ್ಣಗೆ ಬೀಸಿಸಿಕೊಳ್ಳುವುದು ಒಳ್ಳೆಯದು. ಮೃದುವಾಗಲೆಂದು ಜರಡಿಯಲ್ಲಿ ತೌಡನ್ನೆಲ್ಲ ತೆಗೆದರೆ ನಾರಿನಂಶವೂ ಹೊರಟುಹೋಗುತ್ತದೆ.

ಮಾಡುವ ಕ್ರಮ

1. ಎರಡು ಬಟ್ಟಲು, ಅಂದರೆ ಸುಮಾರು 250 ಗ್ರಾಂ ಹಿಟ್ಟಿಗೆ ಒಂದೂವರೆ ಬಟ್ಟಲು ನೀರನ್ನು ಚಿಟಿಕೆ ಉಪ್ಪಿನೊಂದಿಗೆ ಚೆನ್ನಾಗಿ ಕುದಿಸಬೇಕು. ಹಿಟ್ಟಿಗೆ ತಕ್ಕಂತೆ ನೀರು ತುಸು ಹೆಚ್ಚು ಕಡಿಮೆ ಬೇಕಾಗುವುದರಿಂದ ಸ್ವಲ್ಪ ನೀರನ್ನು ಉಳಿಸಿಕೊಳ್ಳಬೇಕು.

2. ಹಿಟ್ಟಿನ ನಡುವೆ ಕುಳಿ ಮಾಡಿ ಎಸರನ್ನು ಸುರಿದು, ಸೌಟಿನ ಹಿಡಿಯಿಂದ ಕಲಸಿ, ಹತ್ತು ನಿಮಿಷ ಮುಚ್ಚಿಡಬೇಕು. ಪಿಷ್ಟವು ನೀರು ಹೀರುವುದು ಈ ಅವಧಿಯಲ್ಲಿಯೇ.

3. ಕೈಗೆ ನೀರು ಹಚ್ಚಿಕೊಂಡು, ಹಿಟ್ಟು ಬೆಚ್ಚಗಿರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಉಂಡೆಯನ್ನು ಒತ್ತಿದಾಗ ಅಂಚು ಸೀಳದಿದ್ದರೆ ಹದ ಬಂದಿದೆ ಎಂದರ್ಥ. ಸೀಳಿದರೆ ತುಸು ನೀರು ಸೇರಿಸಿ ಮತ್ತೆ ನಾದಬೇಕು. ಪ್ರತಿ ರೊಟ್ಟಿಗೂ ಮುನ್ನ ಆ ಉಂಡೆಯನ್ನು ಇನ್ನೊಮ್ಮೆ ನಾದುವುದು ಲೇಸು.

4. ಒಣಹಿಟ್ಟು ಉದುರಿಸಿ, ತಿರುಗಿಸುತ್ತ ಹಗುರವಾಗಿ ಬಡಿಯಬೇಕು. ಕೈಗಂಟು ನೋವಿರುವವರು, ಹೊಸದಾಗಿ ಕಲಿಯುವವರು ಲಟ್ಟಣಿಗೆ ಬಳಸಿದರೆ ತಪ್ಪೇನೂ ಇಲ್ಲ. ಎಸರಿನ ಹಿಟ್ಟು ಅದಕ್ಕೂ ಒಗ್ಗುತ್ತದೆ.

5. ಕಾದ ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ಮೇಲ್ಭಾಗಕ್ಕೆಲ್ಲ ನೀರು ಸವರಬೇಕು. ಒಣಹಿಟ್ಟು ಹಾಗೆಯೇ ಉಳಿದರೆ ಅದು ಸುಟ್ಟು ರೊಟ್ಟಿ ಬಿರುಸಾಗುತ್ತದೆ. ನೀರಿನ ಪಸೆ ಆರುವಷ್ಟರಲ್ಲಿ ಮಗುಚಿ, ಎರಡೂ ಬದಿ ಬೇಯಿಸಬೇಕು. ಒಳಗಿನ ಹಬೆಯಿಂದ ಪದರು ಬಿಟ್ಟು ರೊಟ್ಟಿ ಉಬ್ಬಿದರೆ ಸರಿಯಾಗಿ ಬೆಂದಂತೆ.

ಮೆತ್ತಗೆ ಉಳಿಸುವುದು

ಆರಿದಂತೆ ಪಿಷ್ಟವು ಮತ್ತೆ ಬಿಗಿಯುತ್ತದೆ. ಒಣಗಿಸಿದ ಖಡಕ್ ರೊಟ್ಟಿಗೆ ಆ ಗುಣವೇ ವರ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಊರೂರುಗಳ ಭಕ್ತರು ರೊಟ್ಟಿಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ತರುವುದು ಇದರಿಂದಲೇ ಸಾಧ್ಯವಾಗಿದೆ. ಹಿರಿಯರ ತಟ್ಟೆಗೆ ಮಾತ್ರ ಬಿಸಿ ರೊಟ್ಟಿಯೇ ಹಿತ. ಹಂಚಿನಿಂದ ತೆಗೆದೊಡನೆ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಬೇಕು. ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಹಬೆ ನೀರಾಗಿ ಇಳಿದು ರೊಟ್ಟಿ ಅಂಟಂಟಾಗುತ್ತದೆ. ಆರಿದ ರೊಟ್ಟಿಗೆ ನೀರು ಚಿಮುಕಿಸಿ ಹಂಚಿನ ಮೇಲೆ ಬಿಸಿ ಮಾಡಿದರೆ ಬಿಗಿದ ಪಿಷ್ಟವು ಪುನಃ ಸಡಿಲಗೊಳ್ಳುತ್ತದೆ.

ಎಷ್ಟು, ಯಾವುದರೊಂದಿಗೆ

ಜೋಳವು ಉತ್ತಮ ಆಹಾರ; ಆದರೆ ಔಷಧವಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು ಇವೆ. ತೌಡುಸಹಿತ ಗೋಧಿಹಿಟ್ಟಿನಲ್ಲಿಯೂ ಇವು ಹೆಚ್ಚುಕಡಿಮೆ ಅಷ್ಟೇ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಿಂದ ಸುಮಾರು 34 ಗ್ರಾಂ ಶರ್ಕರಪಿಷ್ಟ ದೊರೆಯುತ್ತದೆ. ಆದ್ದರಿಂದ ಜೋಳದ್ದೆಂಬ ಕಾರಣಕ್ಕೆ ಮಧುಮೇಹಿಗಳು ಲೆಕ್ಕವಿಲ್ಲದೆ ಉಣ್ಣಬಾರದು. ತಮಗೆಷ್ಟು ಸಲ್ಲುತ್ತದೆಂಬುದನ್ನು ವೈದ್ಯರಿಂದ ತಿಳಿಯಬೇಕು.

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಅದನ್ನು ಬೇಳೆಕಾಳುಗಳು ತುಂಬಿಕೊಡುತ್ತವೆ. ರೊಟ್ಟಿಗೆ ಹೆಸರುಕಾಳಿನ ಪಲ್ಯ, ಝುಣಕ, ಮೊಸರುಗಳನ್ನು ಜೋಡಿಸಿದ ಹಿರಿಯರ ಕ್ರಮ ಅರ್ಥಪೂರ್ಣವಾದುದು. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಸಣ್ಣಗೆ ಮುರಿದು, ಬಿಸಿ ಬೇಳೆಸಾರಿನಲ್ಲಿಯೋ ಹಾಲಿನಲ್ಲಿಯೋ ನೆನೆಸಿ ಕೊಡಬಹುದು. ಆದರೆ ಪಾರ್ಶ್ವವಾಯುವಿನ ನಂತರ ನುಂಗುವುದು ಕಷ್ಟವಾಗಿರುವವರಿಗೆ, ಉಣ್ಣುವಾಗ ಪದೇ ಪದೇ ಕೆಮ್ಮು ಬರುವವರಿಗೆ ವೈದ್ಯರನ್ನು ಕೇಳದೆ ಏನನ್ನೂ ಕೊಡಬಾರದು. ತುತ್ತು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ರೊಟ್ಟಿ ಬಡಿಯುವುದು ಹೆಣ್ಣುಮಕ್ಕಳದೇ ಕೆಲಸವೆಂದು ತಿಳಿಯದೆ ಮನೆಯ ಗಂಡುಮಕ್ಕಳೂ ಇದನ್ನು ಕಲಿಯಬೇಕು. ಮೊದಲ ನಾಲ್ಕು ದಿನ ರೊಟ್ಟಿ ಹರಿಯಬಹುದು, ಅಂಕುಡೊಂಕಾಗಬಹುದು, ಬೇಸರಪಡಬೇಕಿಲ್ಲ. ಇನ್ನು ಮುಂದೆ ಮನೆಯ ಹಿರಿಯರು ಹಸಿವಿಲ್ಲವೆಂದಾಗ, ಅವರ ತಟ್ಟೆಯ ರೊಟ್ಟಿಯನ್ನು ಒಮ್ಮೆ ನಾವೇ ಮುರಿದು ನೋಡೋಣ. ಎರಡು ಬೆರಳಿಗೆ ಸುಲಭವಾಗಿ ಮುರಿಯದ ರೊಟ್ಟಿ ಅವರ ಒಸಡಿಗೂ ಮಣಿಯದು.