ಸಭೆಯ ಕೆಲಸಕ್ಕೆ ಮನಸ್ಸಿನ ಮಾದರಿ

(ಓದತಕ್ಕ ಭಾಗ: ನೆಹೆಮೀಯ 2ರಿಂದ 4ನೆಯ ಅಧ್ಯಾಯಗಳು)

ನಾವು ಹಿಂದೆ ಸೇವೆಮಾಡುತ್ತಿದ್ದ ಒಂದು ಗ್ರಾಮದ ಸಭೆಯವರು ಮಳೆಗಾಲಕ್ಕೆ ಮುಂಚೆ ಪ್ರಾರ್ಥನಾಮಂದಿರವನ್ನು ಕಟ್ಟಬೇಕೆಂದು ತೀರ್ಮಾನಿಸಿದರು. ಹಿರಿಯರೆಲ್ಲರೂ ಆಮೆನ್ ಅಂದರು. ಆದರೆ ಒಬ್ಬರ ಎಣಿಕೆಯಲ್ಲಿ ಕಟ್ಟುವದೆಂದರೆ ಗೋಡೆ ಏಳುವದು. ಇನ್ನೊಬ್ಬರ ಎಣಿಕೆಯಲ್ಲಿ ಹೆಂಚು ಹೊದಿಸುವದು. ಹೆಂಚಿನ ಹಣವು ಹೊರಗಿನಿಂದ ಬರುವದೆಂದು ಕೆಲವರೂ, ಸುಗ್ಗಿಯ ಕಾಣಿಕೆಯಿಂದ ಬರುವದೆಂದು ಕೆಲವರೂ ನೆನಸಿಕೊಂಡಿದ್ದರು. ಯಾರೂ ವಿಚಾರಿಸಲಿಲ್ಲ, ನಾವೂ ವಿಚಾರಿಸಲಿಲ್ಲ. ಮೊದಲಿನ ಮಳೆಗೇ ಹೊದಿಕೆಯಿಲ್ಲದ ಮಣ್ಣುಗೋಡೆ ಕುಸಿದುಬಿತ್ತು. ಆ ಮೇಲೆ ಒಬ್ಬರನ್ನೊಬ್ಬರು ದೂರಿದ್ದು ಅದಕ್ಕಿಂತ ದುಃಖಕರವಾಗಿತ್ತು. ಎರಡು ಮನೆಯವರು ಒಂದು ವರುಷ ಕರ್ತನ ಮೇಜಿಗೆ ಬರಲಿಲ್ಲ.

ಮನುಷ್ಯನು ಲೋಕದ ಒಂದು ಚಿಕ್ಕ ಮಾದರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಮುಂದೆ ಆಗತಕ್ಕದ್ದನ್ನು ಅದರಲ್ಲಿ ಪರೀಕ್ಷಿಸಿ ನೋಡುತ್ತಾನೆಂದು ಕೇಂಬ್ರಿಜಿನ ಕೆನೆತ್ ಕ್ರೇಕ್ ಎಂಬ ವಿದ್ವಾಂಸರು 1943ರಲ್ಲಿ ಬರೆದರು. ನಮ್ಮ ಮನಸ್ಸಿನ ಮಾದರಿಯೇ ನೆರೆಯವನಲ್ಲಿಯೂ ಉಂಟೆಂದು ನಂಬುವದರಲ್ಲಿಯೇ ನಾವು ಎಡವುತ್ತೇವೆ.

ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿಸಿದ ರೀತಿಯನ್ನು ನೋಡಿರಿ. ಆತನು ಹೊರಡುವ ಮೊದಲೇ ಅರಸನಿಗೆ ಕಾಲವನ್ನು ಗೊತ್ತುಮಾಡಿ ಹೇಳಿದನು. ತೊಲೆಗಳಿಗಾಗಿ ವನಪಾಲಕನಾದ ಆಸಾಫನ ಹೆಸರಿಗೆ ಪತ್ರವನ್ನೂ ಬೇಡಿಕೊಂಡನು. ಊರು ಸೇರಿದ ಕೂಡಲೇ ಜನರನ್ನು ಕೂಡಿಸಲಿಲ್ಲ. ಮೂರು ದಿನಗಳಾದ ಮೇಲೆ ರಾತ್ರಿಯಲ್ಲಿ ಕೆಲವರೊಂದಿಗೆ ಹೋಗಿ, ಬಿದ್ದ ಗೋಡೆಯನ್ನೂ ಸುಟ್ಟ ಬಾಗಿಲುಗಳನ್ನೂ ಕಣ್ಣಾರೆ ಕಂಡನು. ಒಂದು ಸ್ಥಳದಲ್ಲಿ ಏರಿದ್ದ ಪಶುವಿಗೆ ದಾಟಲು ದಾರಿಯೇ ಇರಲಿಲ್ಲ. ಕೆಲಸ ಆರಂಭವಾದಾಗ ಅನೇಕರು ತಮ್ಮ ತಮ್ಮ ಮನೆಯ ಎದುರಿನ ಪಾಲನ್ನೇ ಕಟ್ಟಿದರು. ತನ್ನ ಬಾಗಿಲೆದುರಿನ ಗೋಡೆ ಹೇಗಿರಬೇಕೆಂದು ಯಾರಿಗೆ ತಾನೇ ವಿವರಿಸಬೇಕು? ತೆಕೋವದ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ. (ಅಂಥವರು ನಮ್ಮ ಸಭೆಗಳಲ್ಲಿಯೂ ಇಲ್ಲದಿಲ್ಲ.) ಶತ್ರುಗಳ ಸುದ್ದಿ ಬಂದಾಗ ಆತನು ಕ್ರಮವನ್ನೇ ಬದಲಿಸಿದನು: ಅವನ ಸೇವಕರಲ್ಲಿ ಅರ್ಧ ಮಂದಿ ಕಟ್ಟಿದರು, ಅರ್ಧ ಮಂದಿ ಈಟಿ ಹಿಡಿದರು, ಜನರು ಗೋಡೆಯ ಮೇಲೆ ದೂರದೂರವಿದ್ದದರಿಂದ ತುತೂರಿಯ ಧ್ವನಿ ಕೇಳಿದಲ್ಲಿಗೆ ಎಲ್ಲರೂ ಕೂಡಿಬರಬೇಕೆಂದು ಮೊದಲೇ ತಿಳಿಸಿದನು. ಗೋಡೆಯು 52 ದಿನಗಳಲ್ಲಿ ಮುಗಿಯಿತು.

ಎರಡನೆಯ ಸಾರಿ ನಾವು ನಿವೇಶನದಲ್ಲಿಯೇ ಕೂಡಿ, ಕೋಲಿನಿಂದ ನೆಲದ ಮೇಲೆ ಗೆರೆ ಎಳೆದೆವು. ಹೆಂಚಿಗೆ ಮನೆಯೊಂದಕ್ಕೆ ಎಷ್ಟೆಂಬದನ್ನು ಎಲ್ಲರೂ ಕೇಳುವಂತೆ ಓದಿದೆವು. ಕೆಲಸವು ಆಗಲೇ ಕೆಟ್ಟುಹೋಯಿತೆಂದು ಭಾವಿಸಿ ಕಾರಣವನ್ನು ಹುಡುಕುವ ಉಪಾಯವನ್ನು ಅಮೇರಿಕದ ಗ್ಯಾರಿ ಕ್ಲೈನ್ ಎಂಬವರು 2007ರಲ್ಲಿ ವಿವರಿಸಿದ್ದುಂಟು; ಅದರಂತೆ, “ಈ ಮಂದಿರವೂ ಬಿದ್ದಿದೆಯೆಂದು ನೆನಸಿರಿ; ಯಾಕೆ ಬಿತ್ತು?” ಎಂದು ಒಬ್ಬೊಬ್ಬರನ್ನೇ ಕೇಳಿದೆವು. ಹಿರಿಯರು ಹಣದ ಮಾತನ್ನೇ ಆಡಿದರು. ಹಿಂದೆ ಕೂತಿದ್ದ ಒಬ್ಬ ವೃದ್ಧ ವಿಧವೆಯು, “ಅಯ್ಯನವರೇ, ಮೇಲಿನ ಹೊಲದ ನೀರೆಲ್ಲಾ ಇಲ್ಲಿಗೇ ಇಳಿಯುತ್ತದಲ್ಲಾ” ಅಂದಳು. ಗೋಡೆಗೆ ಮೊದಲು ಕಾಲುವೆಯನ್ನು ಅಗೆದೆವು.